ಪಾಠಕೇರಿಗೆ ಹೋದ ಹನ್ನೊಂದು ಮನೆಗಳು

ಇದನ್ನು ಹೇಳಲು ನಾನು ತಕ್ಕವಳಲ್ಲ, ಮೊದಲೇ ಮನ್ನಿಸಬೇಕು. ನಾನು ಓದಿದ್ದು ಸಂಜೆ ತರಗತಿಯಲ್ಲಿ. ಅದೂ ಹಗಲೆಲ್ಲ ಹೊಲಿಗೆ ಮಿಷನ್ ತುಳಿದು, ಕಡೆಯ ಬೆಂಚಿನಲ್ಲಿ ತೂಕಡಿಸುತ್ತ. ನನಗಿಂತ ಚೆನ್ನಾಗಿ ಹೇಳಬಲ್ಲವರು ಊರಲ್ಲಿ ಇದ್ದಾರೆ. ಆದರೆ ನಾನೀಗ ಕೆಲಸ ಮಾಡುವ ನಂಬರ್ ಕಚೇರಿಯ ದಿನಚರಿಯಲ್ಲಿ ಆ ಸೋಮವಾರದ ಎದುರಿಗೆ ‘ಇಲಿ ತಂತಿ ಕಡಿದ ಕಾರಣ’ ಎಂದು ಬರೆದಿದೆ. ಇಲಿ ಏನೂ ಮಾಡಿರಲಿಲ್ಲ. ಅಲ್ಲಿ ಬರೆಯಲಾಗದ್ದನ್ನು ಎಲ್ಲಾದರೂ ಒಂದು ಕಡೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಊರಿನ ಹೆಸರು ಹೇಳುವುದಿಲ್ಲ. ನನಗೆ ಕಲಿಸಿದ ಮೇಷ್ಟ್ರ ಹೆಸರನ್ನು ಬದಲಿಸಿದ್ದೇನೆ.

ನಮ್ಮೂರಲ್ಲಿ ನಾಲ್ಕು ಕೇರಿಗಳಿವೆ. ನಾಲ್ಕೂ ಇರುವುದು ಒಂದೇ ಜಾಗದಲ್ಲಿ, ಒಂದೇ ತಂತಿಯ ಮೇಲೆ. ನಮ್ಮ ಅಡುಗೆಮನೆಯ ಗೋಡೆಯಾಚೆ ಮೇಲ್ಕೇರಿಯವರ ಮಿಕ್ಸಿ ಸದ್ದು ದಿನಾ ಬೆಳಿಗ್ಗೆ ಕೇಳುತ್ತದೆ. ಅವರ ಮನೆಯನ್ನು ನಾನು ಕಂಡಿಲ್ಲ. ನೋಡಬೇಕೆಂದರೆ ಊರ ನಡುವಿನ ಕಟ್ಟೆಗೆ ಹೋಗಿ, ಮನೆಯ ನಂಬರು ಹೇಳಿ, ದಾಟಿ ಹೋಗಬೇಕು. ನಂಬರಿದ್ದರೆ ಮನೆ ಸಿಗುತ್ತದೆ. ಇಲ್ಲದಿದ್ದರೆ ಮನೆ ಇದ್ದಲ್ಲೇ ಇರುತ್ತದೆ, ಆದರೆ ಪೋಸ್ಟಿನವನಿಗಾಗಲಿ, ಹಾಲಿನವಳಿಗಾಗಲಿ, ಹೊರಗೆ ಹೋದ ಮನೆಯವರಿಗೇ ಆಗಲಿ ಸಿಗುವುದಿಲ್ಲ.

ನಂಬರು ಯಾರಿಗೂ ಸ್ವಂತದ್ದಲ್ಲ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇದೆ, ಅದಕ್ಕೊಂದು ಹಸಿರು ದೀಪ. ಆ ಪೆಟ್ಟಿಗೆ ‘ನನಗೊಂದು ನಂಬರು ಕೊಡಿ’ ಎಂದು ತನ್ನ ಕೇರಿಯೊಳಗೆ ಕೂಗುತ್ತದೆ. ಆ ಕೂಗು ಕೇರಿ ದಾಟುವುದಿಲ್ಲವಾದ್ದರಿಂದ, ಮೂಲೆಯಲ್ಲಿರುವ ರಿಲೇ ಎಂಬ ಇನ್ನೊಂದು ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಕಚೇರಿಗೆ ಮುಟ್ಟಿಸುತ್ತದೆ. ಕಚೇರಿಯ ಯಂತ್ರ ಯಾವ ಕೇರಿಯ ಕೂಗು ಎಂದು ನೋಡಿ, ಆ ಕೇರಿಯ ಖಾಲಿ ನಂಬರೊಂದನ್ನು ಎಂಟು ದಿನಕ್ಕೆ ಕೊಡುತ್ತದೆ. ಸಾಮಾನ್ಯವಾಗಿ ನಾಲ್ಕು ದಿನ ಕಳೆದಾಗ ಪೆಟ್ಟಿಗೆ ಇನ್ನೂ ಎಂಟು ದಿನ ಕೇಳಿಕೊಳ್ಳುತ್ತದೆ; ನಡುವೆ ಆರಿ ಹೊತ್ತಿದರೆ ನಂಬರು ಮರೆತು ಹೊಸದಾಗಿ ಕೂಗುತ್ತದೆ. ದೊಡ್ಡ ಊರುಗಳಲ್ಲಿ ಇದನ್ನು ಕಂಪ್ಯೂಟರುಗಳಿಗೆ ಮಾತ್ರ ಮಾಡುತ್ತಾರೆ, ಐಪಿ ವಿಳಾಸ ಅನ್ನುತ್ತಾರೆ ಎಂದು ನಮ್ಮ ಪಠ್ಯದಲ್ಲಿತ್ತು. ಮನೆಗಳನ್ನು ಹೇಗೆ ಹುಡುಕುತ್ತಾರೋ ಬರೆದಿರಲಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವರು ಕರಿಬಸಪ್ಪ ಮೇಷ್ಟ್ರು. ತರಗತಿಯಲ್ಲಿ ಅವರದೇ ಒಂದು ಹಳೆಯ ಯಂತ್ರವಿತ್ತು, ಕಚೇರಿಯದರ ತಮ್ಮನ ಹಾಗೆ. ಅಭ್ಯಾಸಕ್ಕೆಂದು ಅವರು ಐದನೆಯ ಕೇರಿಯೊಂದನ್ನು ಕಟ್ಟಿದ್ದರು. ಅದು ಪಾಠಕೇರಿ. ಕಪ್ಪುಹಲಗೆಯ ಮೇಲೆ ಅಡಿಕೋಲಿಟ್ಟು ಒಂದು ನೇರ ಬೀದಿ ಎಳೆದು, ಎಡಕ್ಕೆ ಆರು ಬಲಕ್ಕೆ ಆರು ಮನೆ, ಒಂದು ಬಾವಿ, ಒಂದು ಬೇವಿನ ಮರ ಬರೆಯುತ್ತಿದ್ದರು. ಅಲ್ಲಿಯ ಎಲ್ಲ ನಂಬರಿನ ಮುಂದೆಯೂ ತೊಂಬತ್ತೊಂಬತ್ತು, ಅದರ ಹಿಂದೆ ಮನೆಯದು, ಒಂದರಿಂದ ಹನ್ನೆರಡು. “ಇದು ಎಲ್ಲೂ ಇಲ್ಲದ ಕೇರಿ ಕಣ್ರಪ್ಪಾ,” ಎನ್ನುತ್ತಿದ್ದರು. “ಇಲ್ಲಿ ಎಷ್ಟು ಬೇಕಾದರೂ ತಪ್ಪು ಮಾಡಿ, ಯಾರಿಗೂ ತೊಂದರೆಯಿಲ್ಲ.” ಹೆದರುಪುಕ್ಕಲಿಯಾದ ನನಗೆ ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಆ ಕೇರಿಯ ನಕ್ಷೆಯನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ. ನಾಲ್ಕು ವರ್ಷದ ಹಿಂದೆ ವಿದ್ಯಾರ್ಥಿಗಳಿಲ್ಲದೆ ತರಗತಿ ಮುಚ್ಚಿತು. ಮೇಷ್ಟ್ರು ಯಂತ್ರವನ್ನು ಕೆಳಕೇರಿಯ ತಮ್ಮ ಮನೆಗೆ ಒಯ್ದರು.

ಆ ಸೋಮವಾರ ಕಚೇರಿಯ ಯಂತ್ರವನ್ನು ಸೋರುವ ಕೋಣೆಯಿಂದ ಪಕ್ಕದ ಕೋಣೆಗೆ ಸ್ಥಳಾಂತರಿಸುವುದಿತ್ತು. ಕೆಲಸ ನನಗೆ ಬಿದ್ದಿತ್ತು. ಒಂದು ಗಂಟೆ ಯಂತ್ರ ಮೌನವಾಗಿರುತ್ತದೆ. ಆ ಗಂಟೆಯಲ್ಲಿ ಯಾವ ಮನೆಯ ಎಂಟು ದಿನವೂ ಮುಗಿಯಬಾರದು. ಹತ್ತು ದಿನ ಪಟ್ಟಿ ನೋಡಿ, ಬೆಳಿಗ್ಗೆ ಹತ್ತರಿಂದ ಹನ್ನೊಂದು ಎಂದು ಆರಿಸಿದ್ದೆ. ಆದರೂ ಭಾನುವಾರ ಮೇಷ್ಟ್ರ ಮನೆಗೆ ಹೋಗಿ, ಅವರು ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತ, “ನನ್ನ ಲೆಕ್ಕ ತಪ್ಪಿದರೆ ಏನು ಗತಿ ಮೇಷ್ಟ್ರೇ?” ಎಂದು ಅತ್ತುಕೊಂಡಿದ್ದೆ. “ಏನೂ ಆಗಲ್ಲ ನೀಲಾ, ನಾನಿಲ್ವಾ?” ಎಂದಿದ್ದರು. ಎಲ್ಲರೂ ಅನ್ನುವ ಮಾತು ಅದು. ನಾನು ಅದನ್ನು ಮಾತಾಗಿಯೇ ತೆಗೆದುಕೊಂಡೆ.

ಸೋಮವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗಲೇ ಯಂತ್ರ ಹೊಸ ಕೋಣೆಯಲ್ಲಿ ಕೂತಿತು. ನಾಲ್ಕು ರಿಲೇಗಳಿಗೂ ಅದರ ಹೊಸ ಜಾಗ ತಿಳಿಸಿದೆ, ಪಟ್ಟಿಯಲ್ಲಿ ಮೂರು ಮೂರು ಸಲ ಗುರುತು ಹಾಕಿದೆ. ಹನ್ನೊಂದೂವರೆಗೆ ಕೆಳಕೇರಿಯ ರಾಜೀವಿ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಹಿಡಿ ಕರಿಬೇವು.

“ನೀಲಕ್ಕಾ, ನಮ್ಮನೆ ಸಿಗ್ತಿಲ್ಲ.”

ಅವಳು ಕರಿಬೇವಿಗೆಂದು ಎರಡು ಹೆಜ್ಜೆ ಹೋಗಿದ್ದಳಂತೆ. ಅಷ್ಟರಲ್ಲಿ ಕೆಳಕೇರಿಯಲ್ಲಿ ಕರೆಂಟು ಹೋಗಿ ಬಂತು. ತಿರುಗಿ ನೋಡಿದರೆ ಪಕ್ಕದ ಮನೆ ಇದೆ, ಆ ಕಡೆಯ ಮನೆ ಇದೆ, ನಡುವೆ ಇದ್ದದ್ದು ಇಲ್ಲ. “ಒಳಗೆ ಅತ್ತೆ ಇದ್ದಾರೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಟ್ಟಾಯ್ತು. ತಿಂಡಿ ಅರ್ಧ ತಿಂದು ತಟ್ಟೆ ನೂಕಿದರು, ಉಪ್ಪಿಟ್ಟಿಗೆ ಕರಿಬೇವಿಲ್ಲ ಅಂತ. ಒಂದು ಗಂಟೆಯೊಳಗೆ ಏನಾದರೂ ತಿನ್ನದಿದ್ದರೆ ಪ್ರಜ್ಞೆ ತಪ್ಪುತ್ತಾರೆ ಅಕ್ಕಾ. ಮಂಚದಿಂದ ಏಳೋಕೂ ಆಗಲ್ಲ ಅವರಿಗೆ.”

ತಪ್ಪು ನನ್ನದೇ ಎಂಬುದರಲ್ಲಿ ಅನುಮಾನವೇ ಇರಲಿಲ್ಲ, ಯಾವ ತಪ್ಪು ಎಂಬುದಷ್ಟೇ ಹುಡುಕಬೇಕಿತ್ತು. ನಮ್ಮ ಮೇಲಧಿಕಾರಿ ರೇವಣ್ಣನವರು ಕನ್ನಡಕ ಹಣೆಗೇರಿಸಿ, “ನೀಲಮ್ಮ, ಇವರೊಬ್ಬರೇ ಅಲ್ಲ, ಕೆಳಕೇರಿಯಿಂದ ಹನ್ನೊಂದು ಮನೆ ಅಂತ ದೂರು ಬಂದಿದೆ. ನಿಧಾನವಾಗಿ ನೋಡಿ, ಬೇಗ ನೋಡಿ,” ಎಂದರು.

ಕೆಳಕೇರಿಯ ಬೀದಿಗೆ ಹೋದಾಗ ಜನ ಗುಂಪುಗೂಡಿದ್ದರು. ಉಳಿದ ಹತ್ತು ಮನೆಯವರು ಹೇಗೋ ಎಲ್ಲರೂ ಹೊರಗಿದ್ದರು, ಗದ್ದಲ ಮಾಡುತ್ತ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಸಿಕ್ಕಿಕೊಂಡವರು ರಾಜೀವಿಯ ಅತ್ತೆ ಸಾವಂತ್ರಮ್ಮ ಒಬ್ಬರೇ. ಅವರ ದನಿ ಮಾತ್ರ ಬೀದಿಯ ತುಂಬ ಕೇಳುತ್ತಿತ್ತು, ಯಾವ ದಿಕ್ಕಿನಿಂದ ಎಂದು ತಿಳಿಯುವಂತಿರಲಿಲ್ಲ.

“ಕರಿಬೇವು ತರೋಕೆ ಕಾಡಿಗೆ ಹೋದಳೇನೋ ಮಹಾರಾಣಿ!”

“ಇಲ್ಲೇ ಇದ್ದೀನಿ ಅತ್ತೆ,” ಎಂದು ರಾಜೀವಿ ಗಾಳಿಗೆ ಹೇಳಿದಳು.

“ಇಲ್ಲೇ ಅಂದ್ರೆ ಎಲ್ಲೇ? ನನಗೆ ಬಾವಿ ಕಾಣ್ತಿದೆ. ನಮ್ಮ ಬೀದೀಲಿ ಬಾವಿ ಯಾವಾಗ ತೋಡಿದರು?”

ಜನ ನಕ್ಕರು. ಸಕ್ಕರೆ ಇಳಿದಾಗ ಹಾಗೆಲ್ಲ ಮಾತಾಡುತ್ತಾರೆ ಎಂದು ರಾಜೀವಿ ಕಣ್ಣೊರೆಸಿಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅಲ್ಲೇ ನಿಂತು ಯೋಚಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಮೇಷ್ಟ್ರು ಕಲಿಸಿದ ಕ್ರಮದಲ್ಲೇ ಹೋದೆ. ಮೊದಲು ತಂತಿ. ಸರಿಯಿತ್ತು. ಆಮೇಲೆ ಮೂಲೆಯ ರಿಲೇ. ಅದಕ್ಕೆ ಕಚೇರಿಯ ಹೊಸ ಜಾಗ ಸರಿಯಾಗಿಯೇ ಗೊತ್ತಿತ್ತು, ಅಕ್ಷರಕ್ಕೆ ಅಕ್ಷರ ಓದಿ ನೋಡಿದೆ. ಕೆಳಕೇರಿಯ ನಂಬರುಗಳು ಮುಗಿದುಹೋಗಿವೆಯೇ ಎಂದು ಕಚೇರಿಗೆ ಫೋನು ಮಾಡಿ ಕೇಳಿದೆ. ನೂರಕ್ಕೂ ಮೇಲೆ ಖಾಲಿ ಇವೆ ಎಂದರು ರೇವಣ್ಣನವರು. ಬೇರೆ ಕೇರಿಯ ಕೂಗು ಇದರೊಳಗೆ ಬೆರೆತಿದೆಯೇ ನೋಡಿದೆ. ಇಲ್ಲ. ಎಲ್ಲವೂ ಸರಿಯಾಗಿರುವುದು ನನಗೆ ಇನ್ನಷ್ಟು ಭಯ ಹುಟ್ಟಿಸಿತು. ಕಡೆಗೆ, “ಸಾರ್, ಆ ಹನ್ನೊಂದು ಮನೆ ನಮ್ಮನ್ನು ನಂಬರು ಕೇಳಿದವೋ ಇಲ್ಲವೋ ಯಂತ್ರದಲ್ಲಿ ನೋಡ್ತೀರಾ?” ಎಂದೆ.

ಫೋನಿನಲ್ಲಿ ಹಾಳೆ ಮಗುಚುವ ಸದ್ದು. “ಕೇಳಿವೆ. ಕರೆಂಟು ಬಂದ ಕೂಡಲೇ ಕೇಳಿವೆ. ನಾವೂ ಕೊಡ್ತೀವಿ ಅಂದಿದ್ದೀವಿ. ಆಮೇಲೆ ಅವೇ ಬೇಡ ಅಂದಿವೆಯಲ್ಲಮ್ಮ!”

“ಬೇಡ ಅಂದ್ರೆ?”

“ಹೆಣ್ಣು ನೋಡಿ ಬಂದ ಮೇಲೆ, ನಮಗೆ ಬೇರೆ ಕಡೆ ಗೊತ್ತಾಯ್ತು ಅಂತ ಹೇಳಿ ಕಳಿಸ್ತಾರಲ್ಲ, ಹಂಗೆ.”

ಬೇರೆ ಕಡೆ. ಅಂದರೆ ಈ ಕೇರಿಯೊಳಗೇ ನಂಬರು ಕೊಡುವ ಇನ್ನೊಂದು ದನಿ ಇದೆ. ಪೆಟ್ಟಿಗೆಗಳು ಮೊದಲು ಕೇಳಿದ ಉತ್ತರವನ್ನೇ ಹಿಡಿಯುತ್ತವೆ. ಕಚೇರಿಯ ಉತ್ತರ ರಿಲೇ ದಾಟಿ ಬರಬೇಕು, ಹತ್ತಿರದವರ ಉತ್ತರ ಅದಕ್ಕಿಂತ ಕಣ್ಣೆವೆ ಇಕ್ಕುವಷ್ಟು ಮುಂಚೆ ಬಂದಿರುತ್ತದೆ. ಕೆಲಸಕ್ಕೆ ಹೋಗುವಾಗ ನಾವು ಹೆಗಲಿಗೆ ಒಂದು ಪೆಟ್ಟಿಗೆ ಹಾಕಿಕೊಳ್ಳುತ್ತೇವೆ, ಅದು ಯಾವ ಕೇರಿಯ ನಂಬರು ಪಡೆಯುತ್ತದೋ ಹೊತ್ತವರೂ ಆ ಕೇರಿಯವರು. ಅದನ್ನು ಬೀದಿಯ ನಡುವೆ ಆರಿಸಿ ಹೊತ್ತಿಸಿದೆ. ಮೊದಲು ಒಂದು ಉತ್ತರ ಬಂತು: ‘ತೊಂಬತ್ತೊಂಬತ್ತು — ಖಾಲಿ ಇಲ್ಲ.’ ಅದರ ಹಿಂದೆಯೇ ಕಚೇರಿಯದು.

ತೊಂಬತ್ತೊಂಬತ್ತು. ನನ್ನ ನೋಟ್ ಪುಸ್ತಕದ ಮೊದಲ ಪುಟ. ಬೀದಿಯಲ್ಲಿ ಬಾವಿ.

ಮೇಷ್ಟ್ರ ಮನೆ ಅಲ್ಲಿಂದ ನಾಲ್ಕನೆಯದು. ಓಡಿದೆ. ಅವರು ಬನಿಯನ್ನಿನಲ್ಲಿ ಯಂತ್ರದ ಮುಂದೆ ಕೂತು ಕಡಲೆಬೀಜ ಸುಲಿಯುತ್ತಿದ್ದರು. ಯಂತ್ರದ ತಂತಿ, ಕೇರಿಯ ತಂತಿ ಬರುವ ಗೋಡೆಯ ತೂತಿಗೆ ಸಿಕ್ಕಿಸಿತ್ತು.

“ಬಾ ನೀಲಾ. ಹೇಗಾಯ್ತು ಸ್ಥಳಾಂತರ? ಹತ್ತು ಗಂಟೆಗೇ ಇದನ್ನು ಸಿಕ್ಕಿಸಿ ಕೂತಿದ್ದೀನಿ. ನಿನ್ನದು ಸುಮ್ಮನಿರೋ ಹೊತ್ತಲ್ಲಿ ಯಾರಾದರೂ ಕೂಗಿದರೆ ಬರಿಗೈಲಿ ಹೋಗಬಾರದು ನೋಡು. ಕರೆಂಟು ಹೋದಾಗಂತೂ ಒಳ್ಳೇದೇ ಆಯ್ತು, ಹನ್ನೊಂದು ಮನೆ ಒಟ್ಟಿಗೆ ಕೇಳಿದವು!” ಮುಖದ ತುಂಬ ಸಂತೋಷವಿತ್ತು.

“ಮೇಷ್ಟ್ರೇ, ಕೆಳಕೇರಿಯ ನಂಬರು ಹಾಕಿದ್ದಿರಾ ಅದರಲ್ಲಿ?”

ಅವರ ಕೈಯಲ್ಲಿದ್ದ ಕಡಲೆಬೀಜ ಹಾಗೇ ನಿಂತಿತು. ಯಂತ್ರದ ಕಡೆ ತಿರುಗಿದರು. “ಅಯ್ಯೋ,” ಎಂದರು. “ಪಾಠದ್ದೇ ಇದೆ.”

ಹೊರಗಿನಿಂದ ಸಾವಂತ್ರಮ್ಮನ ದನಿ ಬಂತು. ಬೈಗುಳ ಇರಲಿಲ್ಲ. “ರಾಜೀವೀ… ಬಾವಿ ನೀರು ಕೊಡೇ…” ಮಾತು ತೊದಲುತ್ತಿತ್ತು.

ಮೇಷ್ಟ್ರು ತಂತಿ ಕೀಳಲು ಕೈಚಾಚಿದರು. ನಾನು ಹಿಡಿದೆ. ಬದುಕಿನಲ್ಲಿ ಅವರ ಕೈ ಹಿಡಿದು ತಡೆದದ್ದು ಅದೊಂದೇ ಸಲ. “ಕಿತ್ತರೂ ಆ ಮನೆಗಳು ಎಂಟು ದಿನ ಅದೇ ನಂಬರು ಹಿಡಿದುಕೊಂಡಿರುತ್ತವೆ. ನೀವೇ ಹೇಳಿಕೊಟ್ಟದ್ದು. ಬಾಗಿಲ ಪೆಟ್ಟಿಗೆಯನ್ನೇ ಆರಿಸಿ ಹೊತ್ತಿಸಬೇಕು. ಬಾಗಿಲು ಸಿಗಬೇಕಾದರೆ ಆ ಕೇರಿಗೇ ಹೋಗಬೇಕು. ನನಗೂ ಅಲ್ಲಿಯದೊಂದು ನಂಬರು ಕೊಡಿ. ಆಮೇಲೆ ತಂತಿ ಕೀಳಿ, ಇಲ್ಲದಿದ್ದರೆ ಅವು ಮತ್ತೆ ನಿಮ್ಮನ್ನೇ ಕೇಳುತ್ತವೆ.”

“ಹನ್ನೆರಡೇ ಮನೆ ಇರೋದು. ತುಂಬಿದೆ.”

ಪಟ್ಟಿ ನೋಡಿದೆ. ಎರಡರಿಂದ ಹನ್ನೆರಡರವರೆಗೆ ಇವತ್ತಿನ ತಾರೀಕು. ಒಂದನೆಯ ನಂಬರಿನ ಎದುರು ಅದನ್ನು ಮೊದಲು ಕೊಟ್ಟ ತಾರೀಕಿತ್ತು, ನಾಲ್ಕು ವರ್ಷದ ಹಿಂದೆ ತರಗತಿ ಮುಚ್ಚಿದ ದಿನದ್ದು. “ಇದು ಹಳೇದು, ಯಾರದೂ ಅಲ್ಲ. ಇದನ್ನೇ ಬಿಡಿಸಿ ನನಗೆ ಕೊಡಿ.”

“ಅದು ಬೇಡ,” ಎಂದರು ಮೇಷ್ಟ್ರು. ತರಗತಿಯಲ್ಲಿ ಕೂಡ ಅಷ್ಟು ಗಟ್ಟಿಯಾಗಿ ಹೇಳಿದವರಲ್ಲ. “ಹದಿಮೂರು ಮಾಡ್ತೀನಿ. ತಡಿ.” ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿ ಹದಿಮೂರು ಮಾಡಿದರು.

ರಾಜೀವಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದಳು. ಎರಡು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ ನನ್ನ ಸೆರಗಿಗೆ ಹಾಕಿದಳು. “ಮೊದಲು ಬೆಲ್ಲ, ನೀಲಕ್ಕ. ಬೈದರೂ ಬಾಯಿಗೆ ಹಾಕಿ.” ಪೆಟ್ಟಿಗೆ ಆರಿಸಿದೆ, ಹೊತ್ತಿಸಿದೆ. ಮೇಷ್ಟ್ರು ತಂತಿ ಕಿತ್ತ ಸದ್ದು ಕೇಳಿಸಿತು. ಅವರು ಕಾಣಲಿಲ್ಲ.

ಪಾಠಕೇರಿಯ ಬೀದಿ ಅಡಿಕೋಲಿನಷ್ಟೇ ನೇರವಾಗಿತ್ತು. ನೆಲದ ಮೇಲೆ ಸೀಮೆಸುಣ್ಣದಂಥ ಬಿಳಿ ಧೂಳು. ಬೇವಿನ ಮರಕ್ಕೆ ಎಲೆಗಳಿದ್ದವು, ಎಲ್ಲ ಒಂದೇ ಅಳತೆಯವು. ಎಡಕ್ಕೆ ಆರು ಮನೆ, ಬಲಕ್ಕೆ ಆರು. ನಮ್ಮ ಕೆಳಕೇರಿಯ ಬಣ್ಣ ಕಿತ್ತ ಮನೆಗಳು ಅಲ್ಲಿ ಶಿಸ್ತಾಗಿ ಸಾಲಾಗಿ ನಿಂತು ಒಂದು ಬಗೆಯಲ್ಲಿ ಸಂಕೋಚಪಡುತ್ತಿದ್ದವು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಇಲ್ಲಿ ತಪ್ಪು ಮಾಡಿದರೆ ಯಾರಿಗೂ ತೊಂದರೆಯಿಲ್ಲ ಎಂಬ ಮಾತು ಮನಸ್ಸಿಗೆ ಬಂತು. ಇವತ್ತು ಆ ಮಾತು ನಿಜವಲ್ಲ ಎಂಬುದೂ ಬಂತು.

ಬಾವಿಯ ಎದುರು ರಾಜೀವಿಯ ಮನೆ. ಕಿಟಕಿಯ ಪಕ್ಕದ ಮಂಚದ ಮೇಲೆ ಸಾವಂತ್ರಮ್ಮ ಬೆವೆತು ಒರಗಿದ್ದರು. ಬೆಲ್ಲ ಬಾಯಿಗಿಟ್ಟೆ. ಚೀಪಿದರು. ಇನ್ನೊಂದು ಚೂರು ಇಟ್ಟೆ. ಬಾಳೆಹಣ್ಣು ಮುರಿದು ಮುರಿದು ತಿನ್ನಿಸಿದೆ. ಸುಮಾರು ಹತ್ತು ನಿಮಿಷಕ್ಕೆ ಕಣ್ಣು ನನ್ನ ಮೇಲೆ ನಿಂತಿತು.

“ನೀನ್ಯಾರೇ?”

“ನಂಬರ್ ಕಚೇರಿಯವಳು ಅಮ್ಮ. ಮನೆ ದಾರಿ ತಪ್ಪಿತ್ತು.”

“ತಪ್ಪಲಿ ಬಿಡು. ಇಲ್ಲಿ ಒಂದು ಸ್ಕೂಟರ್ ಸದ್ದಿಲ್ಲ.” ಎರಡನೆಯ ಬಾಳೆಹಣ್ಣು ತಾವೇ ಸುಲಿದುಕೊಂಡರು. “ಎದುರುಮನೆಯವಳು ಮಾತ್ರ ಬಿಗುಮಾನದವಳು. ನೀರು ಕೊಡೇ ಅಂತ ಎಷ್ಟು ಕೂಗಿದರೂ ಬಾಗಿಲು ತೆಗೀಲಿಲ್ಲ.”

ಹೊರಗೆ ಬಂದು ಅವರ ಬಾಗಿಲ ಪೆಟ್ಟಿಗೆ ಆರಿಸಿ ಹೊತ್ತಿಸಿದೆ. ದೀಪ ಮಿನುಗಿತು, ನಿಂತಿತು. ಮನೆ ನನ್ನೆದುರಿನಿಂದ ಹೋಯಿತು. ಅದರ ಜಾಗದಲ್ಲಿ ಬಿಳಿ ಗೆರೆಗಳು ಉಳಿದವು. ಎಲ್ಲಿಂದಲೋ ರಾಜೀವಿಯ ಅಳು ಕೇಳಿಸಿತು, ಅದರ ಮೇಲೆ, “ಕರಿಬೇವು ಬಾಡಿಹೋಗಿದೆಯಲ್ಲೇ!” ಎಂಬ ಗದರಿಕೆ. ನಾನು ಬಾವಿಕಟ್ಟೆಯ ಮೇಲೆ ಎರಡು ನಿಮಿಷ ಕೂತುಬಿಟ್ಟೆ.

ಉಳಿದ ಹತ್ತನ್ನೂ ಒಂದೊಂದಾಗಿ ಕಳಿಸಿದೆ, ಪಟ್ಟಿಯಲ್ಲಿ ಗುರುತು ಹಾಕುತ್ತ. ಕಡೆಗೆ ಬೀದಿಯಲ್ಲಿ ಉಳಿದದ್ದು ಸಾವಂತ್ರಮ್ಮನ ಎದುರುಮನೆ. ಒಂದನೆಯ ನಂಬರು. ನಾಲ್ಕು ಕೇರಿಗಳಲ್ಲೂ ಆ ಮನೆಯನ್ನು ನಾನು ನೋಡಿಲ್ಲ. ಆದರೆ ಮೆಟ್ಟಿಲ ಮೇಲೆ ಒಂದು ಜೊತೆ ಹೆಂಗಸಿನ ಚಪ್ಪಲಿ ಇತ್ತು, ಒಳಗಿನಿಂದ ಮೇಷ್ಟ್ರ ಮನೆಯಲ್ಲಿ ಬರುವಂಥದೇ ಬೆಲ್ಲದ ಕಾಫಿಯ ವಾಸನೆ ಬರುತ್ತಿತ್ತು. ಬಾಗಿಲು ತಟ್ಟಿದೆ. ಒಳಗೆ ಒಂದು ಲೋಟ ಕೆಳಗಿಟ್ಟ ಸದ್ದಾಯಿತು, ಅಷ್ಟೇ. ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟೆ. ಕೆಲಸದ ನಿಯಮ ಹೇಳುವುದು, ತಪ್ಪು ನಂಬರಿನ ಯಾವ ಮನೆಯನ್ನೂ ಬಿಡಬಾರದು ಎಂದು. ಆದರೆ ಆರಿಸಿದರೆ ಆ ಮನೆ ಯಾವ ಕೇರಿಯನ್ನು ಕೇಳುತ್ತದೆ? ಯಾರು ಉತ್ತರ ಕೊಡುತ್ತಾರೆ? ಯಾರೂ ಕೊಡದಿದ್ದರೆ? ಕಾಣೆಯಾಗಿದೆ ಎಂದು ಆ ಮನೆಗಾಗಿ ಯಾರೂ ದೂರು ಕೊಟ್ಟಿರಲಿಲ್ಲ. ಬೆರಳು ತೆಗೆದೆ. ನನ್ನ ಹೆಗಲ ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದೆ.

ಮಧ್ಯಾಹ್ನ ವರದಿ ಬರೆದೆ. ಕಾರಣ ಎಂಬ ಕಾಲಂನಲ್ಲಿ ಎರಡು ಹೆಸರು ಹಾಕಿದೆ: ಯಂತ್ರ ಸಿಕ್ಕಿಸಿದ್ದು ಮೇಷ್ಟ್ರು, ಅವರಿಗೆ ಭಯ ಹುಟ್ಟಿಸಿ ಹಾಗೆ ಮಾಡಿಸಿದ್ದು ನಾನು. ರೇವಣ್ಣನವರು ಓದಿ, ಕನ್ನಡಕ ಹಣೆಗೇರಿಸಿದರು.

“ಇದನ್ನು ಹೀಗೇ ಬಿಟ್ಟರೆ ಮುದುಕರ ಯಂತ್ರ ಜಪ್ತಿ ಮಾಡಬೇಕಾಗುತ್ತೆ ನೀಲಮ್ಮ. ಕಚೇರಿ ಬಿಟ್ಟು ಬೇರೆಯವರು ನಂಬರು ಕೊಡೋ ಹಾಗಿಲ್ಲ. ಜಪ್ತಿ ಮಾಡಿ, ಅಳಿಸಿ, ಗೋದಾಮಿಗೆ ಹಾಕಬೇಕು. ಏನಂತೀರಿ?”

ಅಳಿಸಿ ಎಂಬ ಮಾತಿಗೆ ಆ ಲೋಟದ ಸದ್ದು ನೆನಪಾಯಿತು. ನಾನು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದದ್ದೂ ಒಂದು ಉತ್ತರವೇ ಎಂದು ಆಗಲೂ ಗೊತ್ತಿತ್ತು. ಅವರು ನನ್ನ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ದಿನಚರಿಯಲ್ಲಿ ಇಲಿಯನ್ನು ಬರೆದರು. “ಇಲಿ ಬೇಜಾರು ಮಾಡ್ಕೊಳ್ಳಲ್ಲ,” ಎಂದರು.

ಈಗಲೂ ಭಾನುವಾರ ಮೇಷ್ಟ್ರ ಮನೆಗೆ ಹೋಗುತ್ತೇನೆ. ಗೋಡೆಯ ತೂತಿಗೆ ಮೇಣ ಹಚ್ಚಿ ಮುಚ್ಚಿದ್ದಾರೆ. ಯಂತ್ರ ಮೇಜಿನ ಮೇಲೆ ಓಡುತ್ತಿರುತ್ತದೆ, ಕೇರಿಯ ತಂತಿಯಿಲ್ಲದೆ. ಅವರು ಒಳಗೆ ಕಾಫಿಗೆ ಹೋದಾಗ ನಾನು ಪಟ್ಟಿ ನೋಡುತ್ತೇನೆ, ನೋಡಬಾರದೆಂದುಕೊಂಡರೂ. ಎರಡರಿಂದ ಹದಿಮೂರರವರೆಗೆ ಖಾಲಿ. ಒಂದನೆಯ ನಂಬರಿನ ಎದುರು, ಪ್ರತಿ ನಾಲ್ಕನೆಯ ದಿನ, ಇನ್ನೂ ಎಂಟು ದಿನ ಬೇಕೆಂದು ಕೇಳಿದ ಗುರುತು, ಕೊಟ್ಟ ಗುರುತು. ನಾಲ್ಕು ವರ್ಷದಿಂದ ಒಂದು ಸಲವೂ ತಪ್ಪಿಲ್ಲ; ಆ ಸೋಮವಾರದ ಅವಸರದಲ್ಲಿ ನಾನು ಮೊದಲ ತಾರೀಕನ್ನಷ್ಟೇ ನೋಡಿದ್ದೆ. ಆ ಮನೆ ಯಾರದೆಂದು ಮೇಷ್ಟ್ರನ್ನು ನಾನು ಕೇಳಿಲ್ಲ, ಅವರು ಹೇಳಿಲ್ಲ. ತಂತಿಯಿಲ್ಲದೆ ಆ ಕೂಗು ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿಲ್ಲ. ಅವತ್ತು ಬೆರಳು ತೆಗೆದದ್ದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ.